ಪೋಸ್ಟ್: ಕಂಪ್ಯೂಟರ್ ಪರದೆ ಕಪ್ಪಾದಾಗ ಮೊದಲು ನೋಡಬೇಕಾದದ್ದು

ಡೆಸ್ಕ್‌ಟಾಪ್ ಆನ್ ಮಾಡಿದ್ದೀರಿ. ಫ್ಯಾನ್ ತಿರುಗುತ್ತಿದೆ, ಲೈಟ್ ಉರಿಯುತ್ತಿದೆ, ಪರದೆ ಮಾತ್ರ ಕಪ್ಪು. ರಿಪೇರಿಯವರು ಇದಕ್ಕೆ ‘ನೋ ಡಿಸ್‌ಪ್ಲೇ’ ಅನ್ನುತ್ತಾರೆ. ಆಮೇಲೆ ಅವರು ಕೇಳುವ ಪ್ರಶ್ನೆ: ‘ಪೋಸ್ಟ್ ಆಗ್ತಿದೆಯಾ?’

ಪೋಸ್ಟ್ ಅಂದರೆ ಪವರ್ ಆನ್ ಸೆಲ್ಫ್ ಟೆಸ್ಟ್. ಸ್ವಿಚ್ ಒತ್ತಿದ ಕೂಡಲೇ ಕಂಪ್ಯೂಟರ್ ತನ್ನನ್ನು ತಾನೇ ಪರೀಕ್ಷೆ ಮಾಡಿಕೊಳ್ಳುತ್ತದೆ. 1981ರ ಐಬಿಎಂ ಪಿಸಿಯಲ್ಲೇ ಇದು ಇತ್ತು. ಎಲ್ಲ ಭಾಗಗಳನ್ನು ಜೋಡಿಸಿರುವ ಮುಖ್ಯ ಬೋರ್ಡ್, ಅಂದರೆ ಮದರ್‌ಬೋರ್ಡ್‌ನ ಚಿಪ್‌ನಲ್ಲಿರುವ ಬಯೋಸ್ ಎಂಬ ಪುಟ್ಟ ಪ್ರೋಗ್ರಾಂ ಈ ಕೆಲಸ ಮಾಡುತ್ತದೆ. ಪ್ರೊಸೆಸರ್, ರ‍್ಯಾಮ್ ಎಂಬ ತಾತ್ಕಾಲಿಕ ಮೆಮೊರಿ, ಚಿತ್ರ ಮೂಡಿಸುವ ಗ್ರಾಫಿಕ್ಸ್ ಎಲ್ಲ ಸರಿಯಿದ್ದರೆ ಮಾತ್ರ ಅದು ಮುಂದೆ ಹೋಗಿ ಡಿಸ್ಕ್‌ನಲ್ಲಿರುವ ವಿಂಡೋಸನ್ನು ಎಬ್ಬಿಸುತ್ತದೆ.

ಅಂದರೆ ಪೋಸ್ಟ್ ನಡೆಯುವಾಗ ವಿಂಡೋಸ್ ಇನ್ನೂ ಶುರುವೇ ಆಗಿರುವುದಿಲ್ಲ. ಅಲ್ಲೇ ನಿಂತುಹೋದ ಕಂಪ್ಯೂಟರಿಗೆ ‘ಫಾರ್ಮ್ಯಾಟ್ ಮಾಡಿಸಿ’ ಅನ್ನುವುದು ತಪ್ಪು ಸಲಹೆ. ತೊಂದರೆ ಹೋಗುವುದಿಲ್ಲ, ಮಕ್ಕಳ ಫೋಟೊ, ವರ್ಷಗಟ್ಟಲೆಯ ಲೆಕ್ಕದ ಫೈಲು ಸುಮ್ನೆ ಹೋಗುತ್ತವೆ.

ಪೋಸ್ಟ್ ಆಯಿತೋ ಇಲ್ಲವೋ ತಿಳಿಯುವುದು ಕಷ್ಟವಲ್ಲ. ಕಂಪನಿಯ ಲೋಗೊ ಬಂದು, ಆಮೇಲೆ ಕಪ್ಪಾದರೆ ಸಾಮಾನ್ಯವಾಗಿ ಪೋಸ್ಟ್ ಮುಗಿದಿದೆ ಎಂದರ್ಥ. ಆಗ ಅನುಮಾನ ವಿಂಡೋಸ್ ಮೇಲೆ, ಜಾಸ್ತಿ ಸಲ ಗ್ರಾಫಿಕ್ಸನ್ನು ವಿಂಡೋಸ್ ಜೊತೆ ಕೆಲಸ ಮಾಡಿಸುವ ಪ್ರೋಗ್ರಾಂ, ಅಂದರೆ ಗ್ರಾಫಿಕ್ಸ್ ಡ್ರೈವರ್ ಮೇಲೆ. ವಿಂಡೋಸ್, ಕಂಟ್ರೋಲ್, ಶಿಫ್ಟ್, ಬಿ ಈ ನಾಲ್ಕು ಕೀಗಳನ್ನು ಒಟ್ಟಿಗೆ ಒತ್ತಿ. ಡ್ರೈವರ್ ಮತ್ತೆ ಶುರುವಾಗುತ್ತದೆ. ಲೋಗೊನೇ ಬರಲಿಲ್ಲ ಅನ್ನಿ, ಕ್ಯಾಪ್ಸ್ ಲಾಕ್ ಒತ್ತಿ ನೋಡಿ. ಕೀಬೋರ್ಡಿನ ಲೈಟ್ ಹತ್ತಿ ಆರಿದರೆ ಕಂಪ್ಯೂಟರ್ ಒಳಗೆ ನಡೆಯುತ್ತಲೇ ಇರಬಹುದು, ಚಿತ್ರ ಮಾತ್ರ ಹೊರಗೆ ಬರುತ್ತಿಲ್ಲ. ಕೇಬಲ್ ನೋಡಿ. ಬೇರೆ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಎಚ್‌ಡಿಎಂಐ ಅದಕ್ಕೇ ಚುಚ್ಚಿರಬೇಕು, ಮದರ್‌ಬೋರ್ಡಿಗಲ್ಲ. ಇಂಟೆಲ್‌ನ 12400ಎಫ್‌ನಂಥ, ಹೆಸರಿನ ಕೊನೆಗೆ ಎಫ್ ಇರುವ ಪ್ರೊಸೆಸರ್‌ಗಳಲ್ಲಿ ಗ್ರಾಫಿಕ್ಸ್ ಇರುವುದೇ ಇಲ್ಲ, ಹಾಗಾಗಿ ಮದರ್‌ಬೋರ್ಡಿಗೆ ಚುಚ್ಚಿದರೆ ಚಿತ್ರ ಬರುವುದಿಲ್ಲ.

ಕ್ಯಾಪ್ಸ್ ಲಾಕ್ ಲೈಟೂ ಹತ್ತದಿದ್ದರೆ ಪೋಸ್ಟ್ ನಡುವೆಯೇ ನಿಂತಿರುವ ಸಾಧ್ಯತೆ ಜಾಸ್ತಿ. ಎಲ್ಲಿ ನಿಂತಿತು ಅಂತ ಬೋರ್ಡ್ ತಾನೇ ಹೇಳುತ್ತದೆ. ಹಳೆಯ ಬೋರ್ಡ್‌ಗಳು ಬೀಪ್ ಶಬ್ದದಲ್ಲಿ ಹೇಳುತ್ತವೆ, ಹೊಸ ಬೋರ್ಡ್ ಬಹಳಷ್ಟರಲ್ಲಿ ಸಿಪಿಯು, ಡಿರ‍್ಯಾಮ್ (ರ‍್ಯಾಮ್), ವಿಜಿಎ (ಗ್ರಾಫಿಕ್ಸ್), ಬೂಟ್ (ವಿಂಡೋಸ್ ಇರುವ ಡಿಸ್ಕ್) ಎಂದು ಬರೆದ ನಾಲ್ಕು ಪುಟ್ಟ ಲೈಟ್ ಇರುತ್ತವೆ. ಆರದೆ ಉರಿಯುತ್ತಲೇ ಇರುವ ಲೈಟ್ ಯಾವುದೋ ಅಲ್ಲೇ ತೊಂದರೆ.

ಬಹಳ ಸಲ ಸಿಕ್ಕಿಬೀಳುವುದು ರ‍್ಯಾಮ್. ಪ್ಲಗ್ ಕಿತ್ತು, ಪವರ್ ಬಟನ್ ಸ್ವಲ್ಪ ಹೊತ್ತು ಒತ್ತಿ ಹಿಡಿಯಿರಿ, ಉಳಿದ ಕರೆಂಟ್ ಖಾಲಿಯಾಗಲಿ. ಕ್ಯಾಬಿನೆಟ್‌ನ ಕಬ್ಬಿಣ ಮುಟ್ಟಿಕೊಂಡು ಆಮೇಲೆ ಕೈ ಹಾಕಿ. ರ‍್ಯಾಮ್ ಕಡ್ಡಿ ತೆಗೆದು, ಅದರ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿಯೆಲ್ಲ ಒರೆಸಿ. ಮತ್ತೆ ಕೂರಿಸುವಾಗ ಟಕ್ ಎಂದು ಕೊಕ್ಕೆ ಬೀಳಬೇಕು. ಎರಡು ಕಡ್ಡಿ ಇದ್ದರೆ ಒಂದೊಂದನ್ನೇ ಹಾಕಿ ನೋಡಿ. ಹೊಸ ಡಿಡಿಆರ್5 ರ‍್ಯಾಮ್ ಹಾಕಿದ ಮೊದಲ ಸಲ ಮಾತ್ರ ಅವಸರ ಬೇಡ. ಬೋರ್ಡ್ ಅದನ್ನು ಹೊಂದಿಸಿಕೊಳ್ಳಲು ಕೆಲವು ನಿಮಿಷ ತೆಗೆದುಕೊಳ್ಳುತ್ತದೆ, ಅಷ್ಟು ಹೊತ್ತು ಪರದೆ ಕಪ್ಪಾಗಿರುವುದು ಸಹಜ.

ಇಷ್ಟಕ್ಕೂ ಆಗದಿದ್ದರೆ ಮತ್ತೆ ಪ್ಲಗ್ ಕಿತ್ತು, ಬೋರ್ಡ್ ಮೇಲಿನ ಬಿಲ್ಲೆಯಂಥ ಸಿಆರ್2032 ಸೆಲ್ ತೆಗೆದು, ಐದು ನಿಮಿಷ ಬಿಟ್ಟು ಹಾಕಿ. ಬಯೋಸ್ ಸೆಟ್ಟಿಂಗ್ ಕಂಪನಿಯಿಂದ ಬಂದಾಗ ಇದ್ದಂತಾಗುತ್ತದೆ. ಪವರ್ ಸಪ್ಲೈ ಪೆಟ್ಟಿಗೆಯನ್ನು ಮಾತ್ರ ನೀವು ಬಿಚ್ಚಬೇಡಿ, ಪ್ಲಗ್ ತೆಗೆದ ಮೇಲೂ ಅದರೊಳಗೆ ಶಾಕ್ ಹೊಡೆಯುವಷ್ಟು ಕರೆಂಟ್ ಉಳಿದಿರುತ್ತದೆ. ಅಂಗಡಿಗೆ ಒಯ್ಯುವುದಾದರೆ ಲೋಗೊ ಬಂತೋ ಇಲ್ಲವೋ, ಯಾವ ಲೈಟ್ ಉರಿಯಿತು, ಎಷ್ಟು ಬೀಪ್ ಕೇಳಿಸಿತು ಎಂದು ಬರೆದುಕೊಂಡು ಹೋಗಿ.