ಸ್ಟೀಫನ್ ಕರ್ರಿಗಿಂತ ಮುಂಚೆ ಹೀಗೆ ಆಡುವವರು ಯಾರೂ ಇರಲಿಲ್ವಾ?

ಓದುಗರ ಪ್ರಶ್ನೆ: ಬಾಸ್ಕೆಟ್‌ಬಾಲ್‌ನಲ್ಲಿ ದೂರದಿಂದಲೇ ಥ್ರೀ ಪಾಯಿಂಟರ್ (ಮೂರು ಅಂಕದ ಶಾಟ್) ಹೊಡೆಯುವುದು, ಇಬ್ಬರು ಅಡ್ಡ ಬಂದರೆ ಅವರ ಮಧ್ಯದಲ್ಲೇ ನುಗ್ಗಿ ಹೋಗುವುದು. ಕುಳ್ಳಗಿನ ಪಾಯಿಂಟ್ ಗಾರ್ಡ್‌ಗಳ (ಚೆಂಡು ತಂದು ತಂಡದ ಆಟ ನಡೆಸುವವರ) ಈ ಆಟ ಅಮೆರಿಕದ ತಾರೆ ಕರ್ರಿಯಿಂದಲೇ ಶುರುವಾಯ್ತಾ?

ಇಲ್ಲ. ಕರ್ರಿ ಇನ್ನೂ ತೊಟ್ಟಿಲಲ್ಲಿದ್ದಾಗಲೇ ಮಾರ್ಕ್ ಪ್ರೈಸ್ ಹೀಗೆ ಆಡುತ್ತಿದ್ದರು. ತೊಟ್ಟಿಲ ಮಾತು ಸುಮ್ನೆ ಹೇಳಿದ್ದಲ್ಲ. 1988ರ ಮಾರ್ಚ್‌ನಲ್ಲಿ ಕರ್ರಿ ಹುಟ್ಟಿದ್ದು ಅಮೆರಿಕದ ಓಹಾಯೊ ರಾಜ್ಯದ ಆ್ಯಕ್ರನ್‌ನಲ್ಲಿ. ಅವರ ತಂದೆ ಡೆಲ್ ಕರ್ರಿ ಆಗ ಹತ್ತಿರದ ಕ್ಲೀವ್‌ಲ್ಯಾಂಡ್ ಕ್ಯಾವಲಿಯರ್ಸ್ ತಂಡದಲ್ಲಿದ್ದರು. ಅದೇ ತಂಡದ ಪಾಯಿಂಟ್ ಗಾರ್ಡ್ ಮಾರ್ಕ್ ಪ್ರೈಸ್.

ಪ್ರೈಸ್ ಒಕ್ಲಹೋಮದವರು. ಎತ್ತರ ಆರು ಅಡಿ. ಅಮೆರಿಕದ ವೃತ್ತಿಪರ ಬಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎ ಲೆಕ್ಕದಲ್ಲಿ ಅದು ಕಡಿಮೆಯೇ. ಜಾರ್ಜಿಯಾ ಟೆಕ್ ಕಾಲೇಜಿನಲ್ಲಿ ಚೆನ್ನಾಗಿ ಆಡಿದ್ದರೂ 1986ರ ಡ್ರಾಫ್ಟ್‌ನ (ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವ ಕಾರ್ಯಕ್ರಮದ) ಮೊದಲ ಸುತ್ತಿನಲ್ಲಿ ಅವರನ್ನು ಯಾರೂ ತೆಗೆದುಕೊಳ್ಳಲಿಲ್ಲ. 25ನೆಯವರಾಗಿ ಡಲ್ಲಾಸ್ ತಂಡ ಆರಿಸಿತು, ಕೂಡಲೇ ಕ್ಲೀವ್‌ಲ್ಯಾಂಡ್‌ಗೆ ಬಿಟ್ಟುಕೊಟ್ಟಿತು. ಎರಡೇ ವರ್ಷ ಕಳೆಯುವಷ್ಟರಲ್ಲಿ ಅವರು ಎಲ್ಲರ ಲೆಕ್ಕ ತಲೆಕೆಳಗು ಮಾಡಿದ್ದರು.

1988-89ರ ಸೀಸನ್ ನೋಡಿ. ಬುಟ್ಟಿಗೆ ಬಿದ್ದದ್ದು ಆಟದ ನಡುವಿನ ಒಟ್ಟು ಶಾಟ್‌ಗಳಲ್ಲಿ ಶೇ 52.6, ಥ್ರೀ ಪಾಯಿಂಟರ್‌ಗಳಲ್ಲಿ ಶೇ 44.1, ಫ್ರೀ ಥ್ರೋಗಳಲ್ಲಿ (ಫೌಲ್‌ಗೆ ಸಿಗುವ, ಯಾರೂ ತಡೆಯದ ಶಾಟ್‌ಗಳಲ್ಲಿ) ಶೇ 90.1. 50, 40, 90 ಎಂಬ ಈ ಮೂರೂ ಗಡಿಗಳನ್ನು ಒಂದೇ ಸೀಸನ್‌ನಲ್ಲಿ ದಾಟಿದವರು ಅಲ್ಲಿಯವರೆಗೆ ಬಾಸ್ಟನ್ ಸೆಲ್ಟಿಕ್ಸ್ ತಂಡದ ಲ್ಯಾರಿ ಬರ್ಡ್ ಒಬ್ಬರೇ ಇದ್ದರು. ಪ್ರೈಸ್ ಎರಡನೆಯವರು. ಆಗ ತಂಡಗಳಿಗೆ ಥ್ರೀ ಪಾಯಿಂಟರ್ ಮೇಲೆ ಇನ್ನೂ ನಂಬಿಕೆ ಬಂದಿರಲಿಲ್ಲ. ಪ್ರೈಸ್ ಕೂಡ ಪಂದ್ಯಕ್ಕೆ ಮೂರಕ್ಕಿಂತ ಕಡಿಮೆ ಪ್ರಯತ್ನಿಸುತ್ತಿದ್ದರು. ಇವತ್ತಿನ ಕೋಚ್ ಆಗಿದ್ದರೆ ಇನ್ನೂ ಹೊಡಿ ಅಂತ ಬೆನ್ನು ಬೀಳುತ್ತಿದ್ದರು.

ಆದರೆ ಅವರ ನಿಜವಾದ ಕೊಡುಗೆ ಶಾಟ್ ಅಲ್ಲ, ಇಬ್ಬರು ಡಿಫೆಂಡರ್‌ಗಳ ನಡುವೆ ನುಗ್ಗುವುದು ಎನ್ನುವುದು ನನ್ನ ಅಭಿಪ್ರಾಯ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಪಿಕ್ ಅಂಡ್ ರೋಲ್‌ನಲ್ಲಿ ಎತ್ತರದ ಆಟಗಾರನೊಬ್ಬ ಬಂದು ಗಾರ್ಡ್‌ನ ಡಿಫೆಂಡರ್‌ಗೆ ಅಡ್ಡ ನಿಲ್ಲುತ್ತಾನೆ. ಗಾರ್ಡ್ ಅವನ ಪಕ್ಕದಿಂದ ಚೆಂಡು ತೆಗೆದುಕೊಂಡು ಹೊರಡುತ್ತಾನೆ. ಆಗ ಆ ಎತ್ತರದವನನ್ನು ಕಾಯುತ್ತಿದ್ದ ಡಿಫೆಂಡರ್ ಮುಂದೆ ಬಂದು ಗಾರ್ಡ್‌ನ ದಾರಿ ತಡೆಯುತ್ತಾನೆ. ಆ ಕಾಲದ ಗಾರ್ಡ್‌ಗಳು ಸಾಮಾನ್ಯವಾಗಿ ಅಲ್ಲೇ ಹಿಂದೆ ಸರಿಯುತ್ತಿದ್ದರು, ಇಲ್ಲವೇ ಸುತ್ತು ಹಾಕಿ ಕೋರ್ಟ್‌ನ ಅಂಚಿಗೆ ಹೋಗುತ್ತಿದ್ದರು. ಡಿಫೆನ್ಸ್‌ಗೆ ಬೇಕಿದ್ದದ್ದೂ ಅದೇ. ಪ್ರೈಸ್ ಹಿಂದೆ ಸರಿಯಲಿಲ್ಲ. ಇಬ್ಬರು ಡಿಫೆಂಡರ್‌ಗಳು ಒಟ್ಟಿಗೆ ಸೇರುವ ಮುನ್ನ ಅವರ ನಡುವೆ ಒಂದು ಸಂದು ಇರುತ್ತದೆ, ಅಲ್ವಾ? ಮೈ ಬಗ್ಗಿಸಿ, ಚೆಂಡನ್ನು ನೆಲಕ್ಕೆ ಹತ್ತಿರವಾಗಿ ಜೋರಾಗಿ ಮುಂದಕ್ಕೆ ಪುಟಿಸಿ, ಆ ಸಂದಿನಲ್ಲೇ ತೂರಿಬಿಡುತ್ತಿದ್ದರು.

ಒಮ್ಮೆ ತೂರಿದರೆ ಇಬ್ಬರೂ ಡಿಫೆಂಡರ್‌ಗಳು ಬೆನ್ನ ಹಿಂದೆ. ಮುಂದೆ ಪ್ರೈಸ್ ಅವರ ನಾಲ್ವರು ಜೊತೆಗಾರರ ಎದುರು ಮೂವರೇ ಡಿಫೆಂಡರ್‌ಗಳು ಉಳಿಯುತ್ತಾರೆ. ಕ್ಲೀವ್‌ಲ್ಯಾಂಡ್‌ನ ಬ್ರ್ಯಾಡ್ ಡಾಹರ್ಟಿ, ಲ್ಯಾರಿ ನ್ಯಾನ್ಸ್, ಕ್ರೇಗ್ ಈಲೊ, ಇವರಲ್ಲಿ ಯಾರಾದರೊಬ್ಬರು ಖಾಲಿ ನಿಂತಿರುತ್ತಿದ್ದರು. ಹಾಗಂತ ಡಿಫೆಂಡರ್ ಮುಂದೆ ಬರದೆ ಹಿಂದೆಯೇ ಉಳಿದರೆ ಪ್ರೈಸ್ ಅಲ್ಲಿಂದಲೇ ಶಾಟ್ ಹೊಡೆಯುತ್ತಿದ್ದರು. ಗುರಿ ಅಷ್ಟು ಖಚಿತವಾಗಿದ್ದರಿಂದಲೇ ಸಂದು ತೆರೆಯುತ್ತಿತ್ತು. ಇವತ್ತು ಎಲ್ಲ ತಂಡಗಳ ಗಾರ್ಡ್‌ಗಳೂ ಇದನ್ನು ಮಾಡುತ್ತಾರೆ. ಅದು ಅಷ್ಟು ಮಾಮೂಲಾಗಿರುವುದರಿಂದ ಎಲ್ಲಿಂದ ಬಂತು ಅಂತ ಯಾರೂ ಕೇಳುವುದೇ ಇಲ್ಲ.

ಹಾಗಾದರೆ ಅವರ ಹೆಸರು ಯಾಕೆ ಮರೆಯಾಯಿತು? ದೊಡ್ಡ ಕಾರಣ ಮೈಕಲ್ ಜೋರ್ಡನ್. 1988, 1989, 1992, 1993, ಈ ನಾಲ್ಕೂ ವರ್ಷ ಪ್ಲೇಆಫ್‌ನಲ್ಲಿ (ಸೀಸನ್ ಕೊನೆಯ ನಾಕೌಟ್ ಹಂತದಲ್ಲಿ) ಕ್ಲೀವ್‌ಲ್ಯಾಂಡ್‌ನ ದಾರಿ ಮುಚ್ಚಿದ್ದು ಜೋರ್ಡನ್ ಅವರ ಶಿಕಾಗೊ ಬುಲ್ಸ್. 1989ರಲ್ಲಂತೂ 57 ಪಂದ್ಯ ಗೆದ್ದು ಬಂದ ತಂಡ ಮೊದಲ ಸುತ್ತಿನಲ್ಲೇ ಹೊರಬಿತ್ತು. ಕೊನೇ ಕ್ಷಣದಲ್ಲಿ ಈಲೊ ಮೇಲೆ ಜೋರ್ಡನ್ ಹೊಡೆದ ಆ ಶಾಟ್ ಎಲ್ಲರಿಗೂ ಗೊತ್ತು. ಸೋತ ತಂಡದಲ್ಲಿ ಯಾರಿದ್ದರು ಅನ್ನುವುದು ಎಷ್ಟು ಜನಕ್ಕೆ ಗೊತ್ತು?

ಇನ್ನೊಂದು ಕಾರಣ ಮಂಡಿ. 1990ರ ನವೆಂಬರ್ 30ರಂದು ಅಟ್ಲಾಂಟಾದಲ್ಲಿ ಚೆಂಡಿನ ಹಿಂದೆ ಓಡಿದ ಪ್ರೈಸ್ ಕೋರ್ಟ್ ಅಂಚಿನ ಜಾಹೀರಾತು ಫಲಕಕ್ಕೆ ಬಡಿದರು. ಮಂಡಿಯ ಲಿಗಮೆಂಟ್ ಹರಿಯಿತು. ಆ ಸೀಸನ್‌ನಲ್ಲಿ ಆಡಿದ್ದು 16 ಪಂದ್ಯ ಅಷ್ಟೇ. ಅಂಥ ಗಾಯ ಆಗ ಎಷ್ಟೋ ಆಟಗಾರರ ಕಥೆಯನ್ನೇ ಮುಗಿಸುತ್ತಿತ್ತು. ಪ್ರೈಸ್ ಮರಳಿ ಬಂದರು. 1991-92ರಲ್ಲಿ ತಂಡ ಮತ್ತೆ 57 ಪಂದ್ಯ ಗೆದ್ದಿತು. 1993ರಲ್ಲಿ ಆಲ್ ಎನ್‌ಬಿಎ ಮೊದಲ ತಂಡದ (ಆ ವರ್ಷದ ಅತ್ಯುತ್ತಮ ಐವರ ಪಟ್ಟಿಯ) ಇಬ್ಬರು ಗಾರ್ಡ್‌ಗಳಲ್ಲಿ ಒಬ್ಬರು ಜೋರ್ಡನ್, ಇನ್ನೊಬ್ಬರು ಪ್ರೈಸ್! ಆ ವರ್ಷವೂ ಮುಂದಿನ ವರ್ಷವೂ ಆಲ್ ಸ್ಟಾರ್ ಥ್ರೀ ಪಾಯಿಂಟ್ ಸ್ಪರ್ಧೆ ಗೆದ್ದವರೂ ಅವರೇ.

1998ರಲ್ಲಿ ಆಟ ನಿಲ್ಲಿಸಿದಾಗ ಫ್ರೀ ಥ್ರೋಗಳಲ್ಲಿ ಅವರ ಸರಾಸರಿ ಶೇ 90.4. ಅದು ಆಗಿನ ಎನ್‌ಬಿಎ ದಾಖಲೆ. ಮುಂದೆ ಅದನ್ನು ಸ್ಟೀವ್ ನ್ಯಾಷ್ ಕೂದಲೆಳೆಯಷ್ಟರಲ್ಲಿ ಮೀರಿದರು, ಆಮೇಲೆ ಕರ್ರಿ. ಕ್ಲೀವ್‌ಲ್ಯಾಂಡ್ ತಂಡ ಪ್ರೈಸ್ ಅವರ 25ನೇ ನಂಬರಿನ ಜೆರ್ಸಿಯನ್ನು ಮತ್ತೆ ಯಾರಿಗೂ ಕೊಡುವುದಿಲ್ಲ. ಆದರೆ ನಿವೃತ್ತಿಯಾಗಿ 25 ವರ್ಷ ಕಳೆದರೂ ಬಾಸ್ಕೆಟ್‌ಬಾಲ್ ದಿಗ್ಗಜರ ಗೌರವಪಟ್ಟಿಯಾದ ನೇಸ್ಮಿತ್ ಹಾಲ್ ಆಫ್ ಫೇಮ್‌ನಲ್ಲಿ ಅವರ ಹೆಸರು ಸೇರಿರಲಿಲ್ಲ. ಇದು ನನಗೆ ತೀರಾ ಅನ್ಯಾಯ ಅನ್ನಿಸುತ್ತದೆ.

ಅವರ ಆಟ ನೋಡಬೇಕು ಅನ್ನುವವರು 1992ರಲ್ಲಿ ಬಾಸ್ಟನ್ ಸೆಲ್ಟಿಕ್ಸ್ ಮೇಲೆ ಕ್ಲೀವ್‌ಲ್ಯಾಂಡ್ ಗೆದ್ದ ಏಳು ಪಂದ್ಯಗಳ ಪ್ಲೇಆಫ್ ಸರಣಿಯಿಂದ ಶುರು ಮಾಡಿ. ಲ್ಯಾರಿ ಬರ್ಡ್ ಎನ್‌ಬಿಎಯಲ್ಲಿ ಕೊನೆಯದಾಗಿ ಆಡಿದ್ದು ಅದರ ಏಳನೇ ಪಂದ್ಯ. ಪ್ರೈಸ್ ಕೈಗೆ ಚೆಂಡು ಬಂದಾಗ ಚೆಂಡನ್ನು ಬಿಟ್ಟು ಎರಡನೇ ಡಿಫೆಂಡರ್‌ನ ಕಾಲು ನೋಡಿ. ಮುಂದೆ ಬರಬೇಕೋ ಹಿಂದೆಯೇ ನಿಲ್ಲಬೇಕೋ ಅಂತ ಅವನು ತಡವರಿಸುವುದು ಅಲ್ಲೇ ಕಾಣುತ್ತದೆ.