300ನ್ನು ಭಾಗಿಸಿ, ಆಮೇಲೆ ಕಟಿಂಗ್ ಪ್ಲೇಯರ್ ತಗೊಳ್ಳಿ

ಮೀಡಿಯಂ ವೇವ್‌ನಲ್ಲಿ 612 ಕಿಲೋಹರ್ಟ್ಸ್ ಅಂದರೆ ಬೆಂಗಳೂರು ಆಕಾಶವಾಣಿ ಅಂತ ಹಳೇ ಕೇಳುಗರಿಗೆ ಗೊತ್ತು. ಅದನ್ನೇ ಅಲೆಯ ಉದ್ದದಲ್ಲಿ 490 ಮೀಟರ್ ಅಂತಲೂ ಹೇಳಬಹುದು. ರೇಡಿಯೋ ಅಲೆ ಸೆಕೆಂಡಿಗೆ ಸುಮಾರು 30 ಕೋಟಿ ಮೀಟರ್ ಓಡುತ್ತದೆ. ಆ ಒಂದು ಸೆಕೆಂಡಿನಲ್ಲಿ ಹೊರಟ 6 ಲಕ್ಷ 12 ಸಾವಿರ ಅಲೆಗಳು ಅಷ್ಟು ದೂರವನ್ನು ಹಂಚಿಕೊಳ್ಳಬೇಕು. ಒಂದೊಂದಕ್ಕೆ ಸಿಗುವುದು 490 ಮೀಟರ್. ಪಾಲುದಾರರು ಜಾಸ್ತಿಯಾದಷ್ಟೂ ಪಾಲು ಚಿಕ್ಕದಾಗುತ್ತದೆ, ಅಷ್ಟೇ.

ಸೊನ್ನೆಗಳ ಕಾಟ ಬೇಡ ಅಂದರೆ 300ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿ. ಉತ್ತರ ಮೀಟರಿನಲ್ಲೇ ಬರುತ್ತದೆ. ಬೆಂಗಳೂರಿನ ವಿವಿಧ ಭಾರತಿ 102.9ರಲ್ಲಿ ಬರುತ್ತದಲ್ವಾ, ಅದರ ಅಲೆ 2.9 ಮೀಟರ್. ಆಂಟೆನಾವನ್ನು ಸಾಮಾನ್ಯವಾಗಿ ಅಲೆಯ ಕಾಲು ಭಾಗದಷ್ಟು ಉದ್ದ ಮಾಡುತ್ತಾರೆ. ಇಲ್ಲಿ ಅದು 73 ಸೆಂಟಿಮೀಟರ್, ಒಂದು ಕಡ್ಡಿಯಲ್ಲಿ ಮುಗಿಯುತ್ತದೆ. 612 ಕಿಲೋಹರ್ಟ್ಸ್‌ಗೆ ಕಾಲು ಅಲೆಯೇ 122 ಮೀಟರ್! ಹಾಗಾಗಿ ಮೀಡಿಯಂ ವೇವ್ ಕೇಂದ್ರಗಳಲ್ಲಿ ಸಾಮಾನ್ಯವಾಗಿ ಗೋಪುರವೇ ಆಂಟೆನಾ. ಮನೆಯ ರೇಡಿಯೋದಲ್ಲಿ ಫೆರೈಟ್ ಎಂಬ ಕಾಂತೀಯ ವಸ್ತುವಿನ ಕಡ್ಡಿಗೆ ತಂತಿ ಸುತ್ತಿ ಸುಧಾರಿಸುತ್ತಾರೆ.

ಲೆಕ್ಕ ಇಷ್ಟು ಸುಲಭ. ತಂತಿ ಕತ್ತರಿಸುವಾಗ ಮಾತ್ರ ಸ್ವಲ್ಪ ತಾಳ್ಮೆ ಬೇಕು. ಹ್ಯಾಮ್‌ಗಳು, ಅಂದರೆ ಹವ್ಯಾಸಿ ರೇಡಿಯೋದವರು, ಬಳಸುವ 145 ಮೆಗಾಹರ್ಟ್ಸ್ ತಗೊಳ್ಳಿ. ಅಲೆ 2.07 ಮೀಟರ್, ಕಾಲು ಭಾಗ 51.7 ಸೆಂಟಿಮೀಟರ್. ಆದರೆ ಕಡ್ಡಿಗೆ ದಪ್ಪ ಇದೆ. ಅದರ ತುದಿಯಲ್ಲಿ ವಿದ್ಯುತ್ ಕ್ಷೇತ್ರ ಸ್ವಲ್ಪ ಹೊರಗೂ ಚಾಚಿಕೊಂಡಿರುತ್ತದೆ. ಟೇಪು ತೋರಿಸುವುದಕ್ಕಿಂತ ಕಡ್ಡಿ ಉದ್ದ ಇರುವಂತೆ ಅಲೆಗೆ ಕಾಣುತ್ತದೆ. ಅದಕ್ಕೇ ಶೇ. 5ರಷ್ಟು ಕಳೆದು 49 ಸೆಂಟಿಮೀಟರಿಗೆ ಬರುತ್ತೇವೆ.

ಒಂದೇ ಸಲ 49ಕ್ಕೆ ಕತ್ತರಿಸಬೇಡಿ. 52 ಇಟ್ಟುಕೊಂಡು ಎಸ್‌ಡಬ್ಲ್ಯೂಆರ್ ಮೀಟರ್ ಹಾಕಿ ನೋಡಿ. ಕಳಿಸಿದ ಪವರ್‌ನಲ್ಲಿ ಎಷ್ಟು ವಾಪಸ್ ಬರುತ್ತಿದೆ ಅಂತ ಅದು ಹೇಳುತ್ತದೆ. ರೀಡಿಂಗ್ ಅತಿ ಕಡಿಮೆ ಆಗುವುದು 137 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಅಂದರೆ ಕಡ್ಡಿ ಇನ್ನೂ ಉದ್ದ ಇದೆ. ಒಂದು ಸೆಂಟಿಮೀಟರ್ ತೆಗೆದರೆ ಸುಮಾರು 3 ಮೆಗಾಹರ್ಟ್ಸ್ ಮೇಲೇರುತ್ತದೆ. ಕೊನೆಗೆ ಮಿಲಿಮೀಟರ್ ಲೆಕ್ಕದಲ್ಲಿ ಅರದಿಂದ ಉಜ್ಜಿ. ಕತ್ತರಿಸಿದ್ದನ್ನು ಮತ್ತೆ ಅಂಟಿಸಲಾಗದು. ಅದೇ 7.1 ಮೆಗಾಹರ್ಟ್ಸ್‌ನ 20 ಮೀಟರ್ ಉದ್ದದ ಡೈಪೋಲ್ (ಅರ್ಧ ಅಲೆಯ ತಂತಿ ಆಂಟೆನಾ) ಆದರೆ ಒಂದು ಸೆಂಟಿಮೀಟರಿಗೆ ಸರಿಯುವುದು ಬರೀ 3.5 ಕಿಲೋಹರ್ಟ್ಸ್. ಅಲ್ಲಿ ಮಿಲಿಮೀಟರ್ ನೋಡುತ್ತಾ ಕೂರುವುದು ಸುಮ್ನೆ ಟೈಮ್ ವೇಸ್ಟ್.

ಹೊಸಬರು ಜಾಸ್ತಿ ಎಡವುವುದು ರೇಡಿಯೋದಿಂದ ಆಂಟೆನಾಗೆ ಹೋಗುವ ಕೇಬಲ್‌ನಲ್ಲಿ. 300ರ ಲೆಕ್ಕ ಗಾಳಿಗೆ ಮಾತ್ರ. ಆರ್‌ಜಿ-58 ಎಂಬ ಕೋಆಕ್ಸ್ ಕೇಬಲ್‌ನ ಒಳಗಿನ ಪ್ಲಾಸ್ಟಿಕ್‌ನಿಂದಾಗಿ ಅಲೆಯ ವೇಗ ಶೇ. 66ಕ್ಕೆ ಇಳಿಯುತ್ತದೆ. ಒಂದು ತುದಿಯಿಂದ ಸೆಕೆಂಡಿಗೆ ಎಷ್ಟು ಅಲೆ ಒಳಗೆ ಹೋಯಿತೋ ಅಷ್ಟೇ ಆ ಕಡೆ ಬರಬೇಕು, ಆದ್ದರಿಂದ ಫ್ರೀಕ್ವೆನ್ಸಿ ಬದಲಾಗುವುದಿಲ್ಲ. ಕುಗ್ಗುವುದು ಅಲೆಯ ಉದ್ದ. 145ಕ್ಕೆ ಕೇಬಲ್‌ನಲ್ಲಿ ಕಾಲು ಅಲೆಯ ತುಂಡು ಬೇಕಾದರೆ 34 ಸೆಂಟಿಮೀಟರ್ ಸಾಕು. ಫೋಮ್ ತುಂಬಿದ ಕೇಬಲ್‌ಗೆ ಈ ಲೆಕ್ಕ ಹೊಂದುವುದಿಲ್ಲ, ಅಲ್ಲಿ ವೇಗ ಜಾಸ್ತಿ. ಕೊಂಡ ಕೇಬಲ್‌ನ ಡೇಟಾ ಶೀಟ್‌ನಲ್ಲಿ ವೆಲಾಸಿಟಿ ಫ್ಯಾಕ್ಟರ್ (ಕೇಬಲ್‌ನಲ್ಲಿ ಅಲೆಯ ವೇಗ ಎಷ್ಟು ಪಾಲು ಉಳಿಯುತ್ತದೆ ಅನ್ನುವ ಅಂಕಿ) ಎಷ್ಟು ಅಂತ ನೋಡಿಯೇ ಅಳತೆ ಹಾಕಿ.