ಎರಡು ಸರ್ವರ್ ಇಟ್ಟರೆ ಸಾಕೇ?

ವರ್ಷದಲ್ಲಿ ಶೇ. 99ರಷ್ಟು ಹೊತ್ತು ನಡೆಯುವ ಸರ್ವರ್ ಎಂದರೆ ಕೇಳಲು ಚೆನ್ನ. ಲೆಕ್ಕ ಹಾಕಿದರೆ ವರ್ಷಕ್ಕೆ ಮೂರೂವರೆ ದಿನಕ್ಕೂ ಹೆಚ್ಚು ಕಾಲ ಅದು ಡೌನ್. ಅದಕ್ಕೇ ಅಂಥ ಎರಡನ್ನಿಟ್ಟು, ಮುಂದೆ ಬಂದವರನ್ನು ಎರಡಕ್ಕೂ ಹಂಚುವ ಲೋಡ್ ಬ್ಯಾಲೆನ್ಸರ್ ಕೂರಿಸುತ್ತಾರೆ. ಅದು ಕೆಲವು ಸೆಕೆಂಡಿಗೊಮ್ಮೆ ಎರಡನ್ನೂ ವಿಚಾರಿಸಿಕೊಳ್ಳುತ್ತದೆ. ಉತ್ತರ ಕೊಡದ ಸರ್ವರ್ ಕಡೆಗೆ ಯಾರನ್ನೂ ಕಳಿಸುವುದಿಲ್ಲ. ಎರಡೂ ಒಟ್ಟಿಗೆ ಕೆಡುವ ಸಂಭವ ಹತ್ತು ಸಾವಿರದಲ್ಲಿ ಒಂದು. ವರ್ಷಕ್ಕೆ ಸುಮಾರು 53 ನಿಮಿಷ.

ಕಾಗದದ ಮೇಲಿನ ಈ ಗುಣಾಕಾರ ನಿಜವಾಗಬೇಕಾದರೆ, ಒಂದು ಕೆಡುವುದಕ್ಕೂ ಇನ್ನೊಂದು ಕೆಡುವುದಕ್ಕೂ ಸಂಬಂಧವೇ ಇರಬಾರದು. ಎರಡಕ್ಕೂ ಒಂದೇ ಯುಪಿಎಸ್, ಒಂದೇ ನೆಟ್‌ವರ್ಕ್ ಸ್ವಿಚ್, ಒಂದೇ ಡೇಟಾಬೇಸ್ ಇದ್ದರೆ ಲೆಕ್ಕ ಅಲ್ಲಿಗೇ ಬಿದ್ದುಹೋಯಿತು. ಇವಾದರೂ ಕಣ್ಣಿಗೆ ಕಾಣುವ ನಂಟುಗಳು. ಕಾಣದವೂ ಇರುತ್ತವೆ.

2021ರ ಅಕ್ಟೋಬರ್ 4, ಸೋಮವಾರ. ನಮ್ಮಲ್ಲಿ ರಾತ್ರಿ ಒಂಬತ್ತು ದಾಟಿತ್ತು. ಫೇಸ್‌ಬುಕ್, ಇನ್‌ಸ್ಟಾಗ್ರಾಂ, ವಾಟ್ಸಾಪ್ ಮೂರೂ ಒಟ್ಟಿಗೆ ನಿಂತವು. (ಡೇಟಾ ಖಾಲಿಯಾಯಿತೇನೋ ಎಂದು ಮೊಬೈಲ್ ಆಫ್ ಮಾಡಿ ಆನ್ ಮಾಡಿದವರಿಗೆ ನೆನಪಿರಬಹುದು.) ಮೂರನ್ನೂ ನಡೆಸುವ ಫೇಸ್‌ಬುಕ್ ಕಂಪನಿಗೆ ಸರ್ವರ್‌ಗಳ ಬಡತನವೇನೂ ಇರಲಿಲ್ಲ. ಅದರ ಡೇಟಾ ಸೆಂಟರ್‌ಗಳನ್ನು (ಸರ್ವರ್‌ಗಳನ್ನಿಟ್ಟ ಕಟ್ಟಡಗಳನ್ನು) ಒಂದಕ್ಕೊಂದು ಬೆಸೆಯುವ ಸ್ವಂತ ಜಾಲದ ಸಾಮರ್ಥ್ಯ ಅಳೆಯಲು ಕೊಟ್ಟ ಒಂದು ಆದೇಶ, ಆ ಜಾಲವನ್ನೇ ಪೂರ್ತಿ ಕಡಿದುಹಾಕಿತು. ಇಂಥ ಆದೇಶಗಳನ್ನು ತಡೆಯಬೇಕಿದ್ದ ತಂತ್ರಾಂಶದಲ್ಲಿ ದೋಷವಿತ್ತು.

ಕುತೂಹಲದ ಸಂಗತಿ ಇರುವುದು ಇದರ ನಂತರ. ಸೈಟಿನ ಹೆಸರು ಕೇಳಿದವರಿಗೆ ಅಂಕಿಗಳ ವಿಳಾಸ ಕೊಡುವ ಡಿಎನ್‌ಎಸ್ ಸರ್ವರ್‌ಗಳಿಗೆ ಒಂದು ನಿಯಮವಿತ್ತು: ಡೇಟಾ ಸೆಂಟರ್ ಸಂಪರ್ಕಕ್ಕೆ ಸಿಗದಿದ್ದರೆ ನನ್ನಲ್ಲೇ ಏನೋ ಕೆಟ್ಟಿದೆ ಎಂದುಕೊಂಡು, ನನ್ನ ಕಡೆಗೆ ಬರುವ ದಾರಿ ಇದು ಎಂದು ಇಂಟರ್ನೆಟ್ಟಿಗೆ ಸಾರುವ ಪ್ರಕಟಣೆಯನ್ನು ಹಿಂತೆಗೆದುಕೊಳ್ಳಬೇಕು. ಒಂದು ಕೆಟ್ಟಾಗ ಇದು ಬಹಳ ಒಳ್ಳೆಯ ನಿಯಮ. ಆ ರಾತ್ರಿ ಎಲ್ಲವೂ ಒಂದೇ ಸಲಕ್ಕೆ ಹಾಗೆಯೇ ಅಂದುಕೊಂಡವು. ಡಿಎನ್‌ಎಸ್ ಸರ್ವರ್‌ಗಳು ನಡೆಯುತ್ತಲೇ ಇದ್ದವು. ಅವುಗಳನ್ನು ತಲುಪುವ ದಾರಿ ಮಾತ್ರ ಇಂಟರ್ನೆಟ್ಟಿನಿಂದಲೇ ಅಳಿಸಿಹೋಗಿತ್ತು.

ದುರಸ್ತಿಯ ಉಪಕರಣಗಳಿಗೂ ಅದೇ ಡಿಎನ್‌ಎಸ್ ಬೇಕಿತ್ತು. ತುರ್ತಿಗೆಂದು ಬೇರೆಯಾಗಿ ಇಟ್ಟುಕೊಂಡಿದ್ದ ಜಾಲವೂ ಕೈಕೊಟ್ಟಿತು. ಎಂಜಿನಿಯರ್‌ಗಳು ಡೇಟಾ ಸೆಂಟರಿಗೇ ಹೋಗಬೇಕಾಯಿತು. ಹೊರಗಿನವರು ಸುಲಭಕ್ಕೆ ನುಗ್ಗದಂತೆ ಕಟ್ಟಿದ ಕಟ್ಟಡ ಅವರನ್ನೂ ತಡಮಾಡಿಸಿತು. ಎಲ್ಲವನ್ನೂ ಒಮ್ಮೆಗೇ ಚಾಲೂ ಮಾಡುವಂತೆಯೂ ಇರಲಿಲ್ಲ: ಹತ್ತಾರು ಮೆಗಾವಾಟ್ ಇಳಿದಿದ್ದ ವಿದ್ಯುತ್ ಬಳಕೆ ತಟ್ಟನೆ ಏರಿದರೆ ವಿದ್ಯುತ್ ವ್ಯವಸ್ಥೆಗೇ ಅಪಾಯ. ಒಂದು ಡೇಟಾ ಸೆಂಟರ್ ಇಲ್ಲವೇ ಒಂದು ಪ್ರದೇಶವೇ ನಿಂತುಹೋದರೆ ಏನು ಮಾಡಬೇಕೆಂಬ ಅಣಕು ಅಭ್ಯಾಸ ಮೊದಲೇ ಮಾಡಿದ್ದರಿಂದ ಈ ಹಂತ ಮಾತ್ರ ಸಲೀಸಾಯಿತು. ಒಟ್ಟು ಸುಮಾರು ಆರು ತಾಸು ಹಿಡಿಯಿತು.

ಊರಿಗೆ ಊರೇ ಒಂದೇ ನಿಮಿಷದಲ್ಲಿ ಜ್ವರ ಬಂದು ಮಲಗಿತು ಎಂದರೆ ಮೊದಲು ಥರ್ಮಾಮೀಟರೇ ಕೆಟ್ಟಿದೆಯೇ ಎಂದು ನೋಡಬೇಕು. ಲೋಡ್ ಬ್ಯಾಲೆನ್ಸರ್‌ನಂತೆ ಸರ್ವರ್‌ಗಳ ಮುಂದೆ ಕೂರುವ ಎನ್ವಾಯ್ ಎಂಬ ಪ್ರಾಕ್ಸಿ ತಂತ್ರಾಂಶ ಹೀಗೇ ಮಾಡುತ್ತದೆ: ಸುಸ್ಥಿತಿಯ ಸರ್ವರ್‌ಗಳು ಶೇ. 50ಕ್ಕಿಂತ ಕಡಿಮೆ ಎಂದು ಕಂಡರೆ, ತಪಾಸಣೆಯ ಫಲಿತಾಂಶವನ್ನು ಬದಿಗಿಟ್ಟು ಎಲ್ಲವಕ್ಕೂ ಕೆಲಸ ಹಂಚುತ್ತದೆ. ಸುದ್ದಿ, ಚಿತ್ರ ತೋರಿಸುವ ಸೈಟಿಗೆ ಇದು ಸರಿ. ಹಣ ವರ್ಗಾಯಿಸುವ ಸೈಟಾದರೆ ನಾನಂತೂ ಆ ಮಿತಿಯನ್ನು ಸೊನ್ನೆಗಿಳಿಸಿ ಈ ವ್ಯವಸ್ಥೆಯನ್ನೇ ನಿಲ್ಲಿಸುತ್ತೇನೆ. ಅಲ್ಲಿ ತಪ್ಪು ಉತ್ತರಕ್ಕಿಂತ 'ಸರ್ವರ್ ಡೌನ್' ವಾಸಿ.